ದುಡಿಮೆಯ ಗಂಟೆಗೆ ಟಿಪ್ಪಣಿಯ ಸಾಕ್ಷಿ

ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆಯುವ ತಂತ್ರಾಂಶ ರಚನಕಾರರು, ಅನುವಾದಕರು, ವಿನ್ಯಾಸಕಾರರು ತಾವು ದುಡಿದ ವೇಳೆಯನ್ನು ಬರೆದಿಡುವುದು ಅನಿವಾರ್ಯ. ಇದಕ್ಕಾಗಿ ಕಮಾಂಡ್ ಲೈನ್, ಅಂದರೆ ಆದೇಶ ಸಾಲಿನಲ್ಲಿ ನಡೆಯುವ ಕಿರು ತಂತ್ರಾಂಶಗಳಿವೆ. ರೂಬಿ ಭಾಷೆಯಲ್ಲಿ ರಚಿತವಾದ ಮುಕ್ತ ತಂತ್ರಾಂಶ 'ಟೈಮ್‌ಟ್ರ್ಯಾಪ್' ಅವುಗಳಲ್ಲೊಂದು. 'ಟಿ ಇನ್' ಎಂದು ಬೆರಳಚ್ಚಿಸಿದರೆ ವೇಳೆಯ ಎಣಿಕೆ ಆರಂಭ. 'ಟಿ ಔಟ್' ಎಂದರೆ ಮುಕ್ತಾಯ. ದಾಖಲೆಯು ಬಳಕೆದಾರರ ಗಣಕದಲ್ಲಿಯೇ ಎಸ್‌ಕ್ಯೂಲೈಟ್ ದತ್ತಸಂಚಯದಲ್ಲಿ ಉಳಿಯುತ್ತದೆ.

ಒಂದು ಸಾಲಿನ ಇಕ್ಕಟ್ಟು

ವೇಳೆಯೊಂದಿಗೆ ಮಾಡಿದ ಕೆಲಸದ ಟಿಪ್ಪಣಿಯನ್ನೂ ಆದೇಶದ ಸಾಲಿನಲ್ಲಿಯೇ ಬರೆಯುವುದು ರೂಢಿ. ಆದರೆ ಉದ್ಧರಣ ಚಿಹ್ನೆ, ನಕ್ಷತ್ರ ಚಿಹ್ನೆ, ಅರ್ಧವಿರಾಮಗಳಿಗೆ ಆದೇಶ ಸಾಲು ತನ್ನದೇ ಅರ್ಥ ಕಲ್ಪಿಸುತ್ತದೆ. ಎರಡನೆಯ ಸಾಲು ಬರೆಯುವುದಂತೂ ಪ್ರಯಾಸದ ಕೆಲಸ. ಪರಿಣಾಮವಾಗಿ 'ತಿದ್ದುಪಡಿ' ಎಂಬ ಒಂದೇ ಪದ ಬರೆದು ಮುಗಿಸುವವರೇ ಹೆಚ್ಚು. ತಿಂಗಳುಗಳ ನಂತರ ಗ್ರಾಹಕರು 'ಈ ಮೂರು ಗಂಟೆ ಯಾವುದಕ್ಕೆ?' ಎಂದು ಕೇಳಿದಾಗ ಆ ಒಂದು ಪದ ಸಾಕ್ಷಿಯಾಗಲಾರದು.

ಸಂಪಾದಕ ತೆರೆಯುವ ಬಗೆ

ಇದಕ್ಕೆ ಪರಿಹಾರವೆಂದರೆ ಟಿಪ್ಪಣಿ ಬರೆಯಲು ಪಠ್ಯ ಸಂಪಾದಕವನ್ನೇ ತೆರೆಯುವುದು. ಟೈಮ್‌ಟ್ರ್ಯಾಪ್‌ನ ಸಂರಚನಾ ಕಡತದಲ್ಲಿ 'ನೋಟ್ ಎಡಿಟರ್' ಎಂಬ ಆಯ್ಕೆಯಿದ್ದು, ಅಲ್ಲಿ ವಿಮ್ ಮೊದಲಾದ ಸಂಪಾದಕದ ಹೆಸರನ್ನು ನಮೂದಿಸಬಹುದು. ತಂತ್ರಾಂಶವು ತಾತ್ಕಾಲಿಕ ಕಡತವೊಂದನ್ನು ಸೃಷ್ಟಿಸಿ ಸಂಪಾದಕಕ್ಕೆ ಒಪ್ಪಿಸುತ್ತದೆ. ಸಂಪಾದಕ ಮುಚ್ಚುವವರೆಗೆ ಕಾದು, ಬರೆದುದನ್ನು ಓದಿಕೊಳ್ಳುತ್ತದೆ.

ಈ ಪದ್ಧತಿ ಹೊಸದೇನಲ್ಲ. ಯುನಿಕ್ಸ್ ವ್ಯವಸ್ಥೆಯಲ್ಲಿ 'ವಿಷುಯಲ್' ಮತ್ತು 'ಎಡಿಟರ್' ಎಂಬ ಪರಿಸರ ಚರಗಳು ಬಳಕೆದಾರರ ಮೆಚ್ಚಿನ ಸಂಪಾದಕವನ್ನು ಸೂಚಿಸುತ್ತವೆ. 2005ರಲ್ಲಿ ಬಂದ ಗಿಟ್ ತಂತ್ರಾಂಶವೂ ಬದಲಾವಣೆಯ ವಿವರ ಪಡೆಯಲು ಇದೇ ಮಾರ್ಗ ಅನುಸರಿಸುತ್ತದೆ.

ಗಮನಿಸಬೇಕಾದ ಅಂಶಗಳು

* ಕಿಟಕಿಯಲ್ಲಿ ತೆರೆಯುವ ಸಂಪಾದಕಗಳು ಆದೇಶ ಸಾಲಿಗೆ ತಕ್ಷಣವೇ ಮರಳುವುದರಿಂದ ಟಿಪ್ಪಣಿ ಖಾಲಿಯಾಗಿ ಉಳಿಯಬಹುದು. ಸಬ್ಲೈಮ್ ಟೆಕ್ಸ್ಟ್, ವಿಎಸ್ ಕೋಡ್‌ಗಳಿಗೆ 'ವೇಟ್' ಎಂಬ ಸೂಚಕವನ್ನು ಸೇರಿಸಿದರೆ ಈ ತೊಂದರೆಯಿಲ್ಲ.
* ಇಂತಹ ಸೌಲಭ್ಯ ರಚಿಸುವವರು ಸಂಪಾದಕ ತೆರೆಯುವ ಮುನ್ನವೇ ವೇಳೆಯನ್ನು ಗುರುತಿಸಿಕೊಳ್ಳಬೇಕು. ಇಲ್ಲವಾದರೆ ಟಿಪ್ಪಣಿ ಬರೆಯಲು ಹಿಡಿದ ಐದು ನಿಮಿಷ ಲೆಕ್ಕದಿಂದ ಜಾರುತ್ತದೆ.
* ಖಾಲಿ ವಿವರವಿದ್ದರೆ ಗಿಟ್ ದಾಖಲೆಯನ್ನೇ ಕೈಬಿಡುತ್ತದೆ. ವೇಳೆಯ ವಿಷಯದಲ್ಲಿ ಇದು ಸಲ್ಲದು. ಟಿಪ್ಪಣಿಯನ್ನು ಮರುದಿನವೂ ಸೇರಿಸಬಹುದು. ಕಳೆದುಹೋದ ಗಂಟೆಯನ್ನು ಮರಳಿ ತರಲಾಗದು.

ಕನ್ನಡದಲ್ಲಿ ಟಿಪ್ಪಣಿ

ಆದೇಶ ಸಾಲಿನ ಪರದೆಯು ಅಕ್ಷರಗಳನ್ನು ಸಮಾನ ಅಗಲದ ಚೌಕಗಳಲ್ಲಿ ಕೂರಿಸುತ್ತದೆ. ಹಾಗಾಗಿ ಅನೇಕ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತವೆ, ತಿದ್ದುವಾಗ ಸ್ಥಾನಸೂಚಕ ತಪ್ಪುತ್ತದೆ. ಅದೇ ವಾಕ್ಯ ಕಿಟಕಿಯ ಸಂಪಾದಕದಲ್ಲಿ ಸರಿಯಾಗಿ ಮೂಡುತ್ತದೆ; ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಿದರೆ ಅಕ್ಷರಗಳೂ ಸುರಕ್ಷಿತ. ಇಂಗ್ಲಿಷಿನ ಒಂದು ಪದಕ್ಕೆ ಮೊಟಕಾಗುತ್ತಿದ್ದ ದುಡಿಮೆಯ ವಿವರವನ್ನು ತಮ್ಮ ನುಡಿಯಲ್ಲಿ ಪೂರ್ಣವಾಗಿ ಬರೆದಿಡಲು ಕನ್ನಡಿಗರಿಗೆ ಇದು ಅನುಕೂಲ. ಸಂಭಾವನೆಯ ಪ್ರಶ್ನೆ ಎದ್ದ ದಿನ ನೆರವಿಗೆ ಬರುವುದೂ ಆ ಟಿಪ್ಪಣಿಯೇ.