ಬಾಟಲಿ ತೆರೆದ ಕೈ

ಉಗಾರ ಖುರ್ದ ಅಂದ್ರೆ ನಿಮಗೆ ನೆನಪಾಗೋದು ಸಕ್ಕರೆ ಕಾರ್ಖಾನೆ, ಕಬ್ಬಿನ ಟ್ರ್ಯಾಕ್ಟರ್ ಸಾಲು, ಪಕ್ಕದಲ್ಲೇ ಹರಿಯೋ ಕೃಷ್ಣೆ. ನನಗೆ ಮೊದಲು ನೆನಪಾಗೋದು ಅಲ್ಲಿನ ರೈಲು ಹಳಿ. ಪುಣೆ, ಮೀರಜ್ ಕಡೆಯಿಂದ ಬಂದು ಉಗಾರ, ಕುಡಚಿ, ರಾಯಬಾಗ ದಾಟಿ ಬೆಳಗಾವಿಗೆ ಹೋಗುವ ಹಳಿ. ಸರಕು ತರುವ ರೈಲು ರೋಗವನ್ನೂ ತರುತ್ತೆ. 1896ರ ಸೆಪ್ಟೆಂಬರ್‌ನಲ್ಲಿ ಡಾ. ಅಕಾಸಿಯೋ ವಿಯೇಗಸ್ ಮುಂಬೈಯಲ್ಲಿ ಪ್ಲೇಗ್ ಗುರುತಿಸಿದರು. ಎರಡೇ ವರ್ಷದಲ್ಲಿ ಅದು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಬಂದು ಕೂತಿತ್ತು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು.

ಅಷ್ಟರಲ್ಲಿ ಲಸಿಕೆಯೂ ಬಂದಿತ್ತು. ವಾಲ್ಡೆಮಾರ್ ಹಾಫ್‌ಕಿನ್ ಮುಂಬೈಯಲ್ಲಿ ಅದನ್ನು ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಒಂದು ವಿಷಯ ಗೊತ್ತಾ? ಈ ಮನುಷ್ಯ ಡಾಕ್ಟರೇ ಅಲ್ಲ, ಓದಿದ್ದು ಪ್ರಾಣಿಶಾಸ್ತ್ರ! 1898ರಲ್ಲಿ ಹುಬ್ಬಳ್ಳಿಯಲ್ಲಿ ಸೇನಾ ವೈದ್ಯ ಲ್ಯೂಮನ್ ಮುಂದಾಳತ್ವದಲ್ಲಿ ಕೆಲವೇ ತಿಂಗಳಲ್ಲಿ 30,000ಕ್ಕೂ ಹೆಚ್ಚು ಜನರಿಗೆ ಆ ಲಸಿಕೆ ಹಾಕಲಾಯಿತು. ನಮ್ಮ ಹುಬ್ಬಳ್ಳಿ ಅವತ್ತು ಜಗತ್ತಿಗೇ ಒಂದು ಉದಾಹರಣೆ.

ಆದರೆ ಕಥೆ ಅಲ್ಲಿಗೆ ಮುಗಿಯೋದಿಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಇದೇ ಲಸಿಕೆ ಹಾಕಿದರು. ಅವರಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಯಾರದು? ಹಾಫ್‌ಕಿನ್ ಪ್ರಯೋಗಾಲಯದ್ದು ಅಂದಿತು ಸರ್ಕಾರ. ಅವನನ್ನು ಹುದ್ದೆಯಿಂದ ಕೆಳಗಿಳಿಸಿತು. ನಿಜ ಹೊರಬರೋಕೆ ವರ್ಷಗಳೇ ಹಿಡಿದವು. ಆ ಬಾಟಲಿಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಬೆಂಕಿಯಲ್ಲಿ ಕಾಯಿಸಬೇಕಿತ್ತು. ಆತ ಕಾರ್ಬಾಲಿಕ್ ನೀರಲ್ಲಿ ಅದ್ದಿ, ಅದರಲ್ಲೇ ಬಿರಡೆ ಕಿತ್ತ. ರೊನಾಲ್ಡ್ ರಾಸ್‌ರಂಥ ವಿಜ್ಞಾನಿಗಳು ದನಿ ಎತ್ತಿದ ಮೇಲೆ, 1907ರಲ್ಲಿ ಹಾಫ್‌ಕಿನ್ ನಿರ್ದೋಷಿ ಅನಿಸಿಕೊಂಡ.

ವೀಕ್ಷಕರೇ, ಈ ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಾಂಕ್ರಾಮಿಕ ಬಂದಾಗ ಲಸಿಕೆ ಹಾಕೋ ಕೈಗಳು ಸಾವಿರಾರು ಬೇಕು, ಇದು ಹುಬ್ಬಳ್ಳಿ ಹೇಳಿದ್ದು. ಒಂದು ಕೈಗೆ ತರಬೇತಿ ಸಾಲದಿದ್ದರೂ ಇಡೀ ಲಸಿಕೆಗೇ ಕೆಟ್ಟ ಹೆಸರು, ಇದು ಮಲ್ಕೋವಾಲ್ ಹೇಳಿದ್ದು.

ಕೋವಿಡ್ ಕಾಲದಲ್ಲಿ ನಾವು ಇದನ್ನು ಒಂದಷ್ಟು ಅರ್ಥ ಮಾಡಿಕೊಂಡೆವು. ಕೇಂದ್ರದ ಮಾರ್ಗಸೂಚಿ ಎಂಬಿಬಿಎಸ್ ಡಾಕ್ಟರ್ ಜೊತೆಗೆ ಹಲ್ಲಿನ ಡಾಕ್ಟರ್, ಸ್ಟಾಫ್ ನರ್ಸ್, ಫಾರ್ಮಸಿಸ್ಟ್, ಎಎನ್‌ಎಂ ಎಲ್ಲರಿಗೂ ಲಸಿಕೆ ಹಾಕೋ ಅವಕಾಶ ಕೊಟ್ಟಿತು. ತರಬೇತಿ ಕಡ್ಡಾಯ. ಬಾಟಲಿ ತೆರೆದ ಸಮಯ ಬರೆದಿಡಬೇಕು, ಕೋವಿಶೀಲ್ಡ್ ಆದರೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಹಾಕಿಸಿಕೊಂಡವರನ್ನು ಅರ್ಧ ತಾಸು ಕೂರಿಸಬೇಕು. 2021ರ ಸೆಪ್ಟೆಂಬರ್ 17ರಂದು ದೇಶದಲ್ಲಿ ಒಂದೇ ದಿನ 2 ಕೋಟಿಗೂ ಹೆಚ್ಚು ಡೋಸ್ ಬಿದ್ದವು. ಅದರ ಹಿಂದೆ ಇದ್ದದ್ದು ಈ ಕೈಗಳೇ.

ಆದರೆ ಭಾರದ ದೊಡ್ಡ ಪಾಲು ಬಿದ್ದದ್ದು ಯಾರ ಮೇಲೆ? ಊರಿನ ಎಎನ್‌ಎಂ ಸಿಸ್ಟರ್ ಮೇಲೆ. ಕೋವಿಡ್ ಶಿಬಿರವೂ ಅವಳದೇ, ಮಕ್ಕಳ ಲಸಿಕೆಯೂ ಅವಳದೇ, ಬಾಣಂತಿ ಮನೆಯೂ ಅವಳದೇ. ಅವಳು ಶಿಬಿರದಲ್ಲಿ ನಿಂತ ದಿನ ಹಸುಗೂಸಿಗೆ ಲಸಿಕೆ ಹಾಕೋರು ಯಾರು?

ಕಾಗವಾಡದ ಚೆಕ್‌ಪೋಸ್ಟ್‌ನಲ್ಲಿ ಮಹಾರಾಷ್ಟ್ರದ ಗಾಡಿ ನಿಲ್ಲಿಸಿ ರಿಪೋರ್ಟ್ ಕೇಳಿದ್ದೆವು. ಸರಿ, ಕೇಳಬೇಕಿತ್ತು. ಆದರೆ ಉಗಾರದವರು ದವಾಖಾನೆಗೆ ಅಂತ ಮೀರಜ್‌ಗೆ ಹೋಗೋರೇ. ಗೇಟು ಎಷ್ಟು ದಿನ ತಡೆದೀತು? ನಾನು ಕೇಳೋದು ಇಷ್ಟು: ಗಡಿ ತಾಲ್ಲೂಕುಗಳಲ್ಲಿ ಮೆಡಿಕಲ್ ಶಾಪ್‌ನ ಫಾರ್ಮಸಿಸ್ಟ್, ನರ್ಸಿಂಗ್ ಓದುವ ಮಕ್ಕಳು, ಖಾಸಗಿ ಕ್ಲಿನಿಕ್‌ನವರು ಇವರ ಪಟ್ಟಿ ಈಗಲೇ ಆಗಲಿ. ವರ್ಷಕ್ಕೊಂದು ದಿನ ಕೈಗೆ ಸಿರಿಂಜ್ ಕೊಟ್ಟು ತರಬೇತಿ ನಡೆಯಲಿ. ಇದು ಭಾರಿ ಖರ್ಚಿನ ಮಾತಲ್ಲ. ಮುಂದಿನ ರೋಗ ಮೀರಜ್ ದಾಟಿದ ಮೇಲೆ ಕಲಿಸೋಕೆ ಹೊರಟರೆ, ಅವಸರದಲ್ಲಿ ಇನ್ನೊಂದು ಚಿಮಟ ಕೆಳಗೆ ಬೀಳುತ್ತೆ.