ವಿಎಸ್‌ಎನ್‌ಎಲ್ ಮತ್ತು ಒಂದೇ ಬಾಗಿಲಿನ ಅಂತರ್ಜಾಲ

ತೊಂಬತ್ತರ ದಶಕದ ಇ-ಮೇಲ್ ವಿಳಾಸಗಳು ನಿಮಗೆ ನೆನಪಿವೆಯೇ? ಬೆಂಗಳೂರಿನವರ ವಿಳಾಸದ ಕೊನೆಗೆ ‘ಜಿಐಎಎಸ್‌ಬಿಜಿ01 ಡಾಟ್ ವಿಎಸ್‌ಎನ್‌ಎಲ್ ಡಾಟ್ ನೆಟ್ ಡಾಟ್ ಇನ್’ ಎಂಬ ಉದ್ದನೆಯ ಬಾಲ ಇರುತ್ತಿತ್ತು. ಬಿಜಿ ಅಂದರೆ ಬೆಂಗಳೂರು. ಮುಂಬೈಯವರಿಗೆ ಬಿಎಂ, ದೆಹಲಿಯವರಿಗೆ ಡಿಎಲ್. ಮೊದಲಿನ ನಾಲ್ಕು ಅಕ್ಷರಗಳು ‘ಗೇಟ್‌ವೇ ಇಂಟರ್ನೆಟ್ ಆಕ್ಸೆಸ್ ಸರ್ವೀಸ್’ ಎಂಬ ಹೆಸರಿನವು. ಗೇಟ್‌ವೇ, ಅಂದರೆ ಹೆಬ್ಬಾಗಿಲು! ನಮ್ಮ ದೇಶದ ಅಂತರ್ಜಾಲದ ಮೊದಲ ಕೆಲವು ವರ್ಷಗಳ ಕಥೆಯೆಲ್ಲ ಆ ಒಂದು ಪದದಲ್ಲೇ ಇದೆ ಅಂತ ನನಗನ್ನಿಸುತ್ತದೆ.

ವಿದೇಶ ಸಂಚಾರ ನಿಗಮ ಲಿಮಿಟೆಡ್ ಹುಟ್ಟಿದ್ದು 1986ರ ಏಪ್ರಿಲ್ 1ರಂದು. ಅದುವರೆಗೆ ವಿದೇಶಿ ಫೋನ್, ಟೆಲೆಕ್ಸ್ ನೋಡಿಕೊಳ್ಳುತ್ತಿದ್ದ ಸರ್ಕಾರಿ ಇಲಾಖೆಯೊಂದು ಕಂಪನಿಯಾಯಿತು, ಅಷ್ಟೆ. ಕೆಲಸ ಮಾತ್ರ ಅದೇ. ದೇಶದಿಂದ ಹೊರಗೆ ಹೋಗುವ ಪ್ರತಿ ಕರೆಯೂ ಇವರ ಮೂಲಕವೇ ಹೋಗಬೇಕು.

ಹಾಗಂತ ಭಾರತಕ್ಕೆ ಅಂತರ್ಜಾಲ ತಂದದ್ದು ಇವರೇ ಅಂದುಕೊಳ್ಳಬೇಡಿ. 1986ರಲ್ಲೇ ಶುರುವಾದ ಅರ್‌ನೆಟ್ ಎಂಬ ಯೋಜನೆಯಲ್ಲಿ ಐಐಟಿಗಳ ಜೊತೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಅಲ್ಲಿನ ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಆಗಲೇ ಇ-ಮೇಲ್ ಬಳಸುತ್ತಿದ್ದರು. ಸಾಫ್ಟ್‌ವೇರ್ ಕಂಪನಿಗಳಿಗೆ ಎಸ್‌ಟಿಪಿಐ ಕೊಡುವ ಉಪಗ್ರಹ ಸಂಪರ್ಕವಿತ್ತು. ಏನೂ ಇಲ್ಲದಿದ್ದದ್ದು ಸಾಮಾನ್ಯ ಜನರಿಗೆ.

ಆ ಜನರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ. ಸ್ವಲ್ಪ ಸಮಯದಲ್ಲೇ ಬೆಂಗಳೂರು, ಪುಣೆ ಸೇರಿದವು. ಆರಂಭ ಎಷ್ಟು ಎಡವಟ್ಟಾಯಿತೆಂದರೆ ಆಗಿನ ಅಧ್ಯಕ್ಷ ಬಿ.ಕೆ. ಸಿಂಗಲ್ ಅವರೇ ಪತ್ರಕರ್ತರ ಮುಂದೆ ತಪ್ಪು ಒಪ್ಪಿಕೊಳ್ಳಬೇಕಾಯಿತು.

ಇಲ್ಲಿ ನನಗೆ ಕುತೂಹಲ ಅನ್ನಿಸುವುದು ದರಪಟ್ಟಿ. ವಿದ್ಯಾರ್ಥಿಗಳಿಗೆ 500 ರೂಪಾಯಿಯ ‘ಶೆಲ್’ ಖಾತೆ. ಚಿತ್ರ ಕಾಣಬೇಕಾದರೆ ಟಿಸಿಪಿ/ಐಪಿ ಖಾತೆ, ಅದಕ್ಕೆ ಹಲವು ಪಟ್ಟು ಹಣ. ವ್ಯಾಪಾರಿ ಸಂಸ್ಥೆಗಳಿಗೆ 250 ಗಂಟೆಗೆ 25,000 ರೂಪಾಯಿಯವರೆಗೂ ಇತ್ತು. ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಇವತ್ತು ಮೊಬೈಲಿನಲ್ಲಿ ತೆಗೆದ 3 ಎಂಬಿ ಫೋಟೋ ಒಂದನ್ನು ಆ ವೇಗದಲ್ಲಿ ಇಳಿಸಿಕೊಳ್ಳಲು 40 ನಿಮಿಷ ಮೀರುತ್ತದೆ! ಫೋನಿನ ಬಿಲ್ಲು ಬೇರೆ. ಹತ್ತಿರದ ಊರಿನಲ್ಲಿ ಸೇವೆ ಇಲ್ಲದ ಶಿವಮೊಗ್ಗ, ಹುಬ್ಬಳ್ಳಿಯವರು ಮೊದಮೊದಲು ಬೆಂಗಳೂರಿಗೆ ಎಸ್‌ಟಿಡಿ ಮಾಡಬೇಕಿತ್ತು.

ಶೆಲ್ ಖಾತೆ ಅಂದರೇನು? ನಿಮ್ಮ ಕಂಪ್ಯೂಟರ್ ಅಂತರ್ಜಾಲಕ್ಕೆ ಸೇರುತ್ತಲೇ ಇರಲಿಲ್ಲ. ಮೋಡೆಮ್ ಮೂಲಕ ವಿಎಸ್‌ಎನ್‌ಎಲ್‌ನ ಯೂನಿಕ್ಸ್ ಯಂತ್ರಕ್ಕೆ ಫೋನ್ ಮಾಡುತ್ತಿತ್ತು, ಆ ಯಂತ್ರ ಕಳಿಸಿದ ಇಂಗ್ಲಿಷ್ ಅಕ್ಷರಗಳನ್ನು ಪರದೆಯ ಮೇಲೆ ತೋರಿಸುತ್ತಿತ್ತು. ಇ-ಮೇಲಿಗೆ ಪೈನ್, ವೆಬ್ಬಿಗೆ ಲಿಂಕ್ಸ್ ಎಂಬ ಅಕ್ಷರ ಮಾತ್ರದ ಬ್ರೌಸರ್. ನಾನು ಇದನ್ನು ನೋಡಿದ್ದು ಗೆಳೆಯನೊಬ್ಬನ ಮನೆಯಲ್ಲಿ. ಕನ್ನಡ ಅಲ್ಲಿ ಮೂಡುವ ಪ್ರಶ್ನೆಯೇ ಇಲ್ಲ, ‘ಹೇಗಿದ್ದೀಯ’ ಅನ್ನುವುದನ್ನೂ ಇಂಗ್ಲಿಷ್ ಲಿಪಿಯಲ್ಲಿ ಕುಟ್ಟಬೇಕಿತ್ತು.

ದುಬಾರಿ, ನಿಧಾನ ಎನ್ನುವುದನ್ನು ಆ ಕಾಲದ ತಂತ್ರಜ್ಞಾನದ ಮಿತಿ ಅನ್ನಬಹುದು, ಸ್ವಲ್ಪ ಮಟ್ಟಿಗೆ ನಿಜವೂ ಹೌದು. ಆದರೆ ಎಲ್ಲವೂ ಮಿತಿಯಲ್ಲ. ಅಂತರ್ಜಾಲದ ಮೂಲಕ ಫೋನ್ ಮಾತಾಡುವುದನ್ನೇ ತೆಗೆದುಕೊಳ್ಳಿ. ತಂತ್ರಜ್ಞಾನ ಆಗಲೇ ಇತ್ತು, ಅನುಮತಿ ಇರಲಿಲ್ಲ. ಕಾರಣ ಸರಳ. ನಿಗಮದ ಆದಾಯ ಬರುತ್ತಿದ್ದದ್ದೇ ನಿಮಿಷಕ್ಕೆ ಹತ್ತಾರು ರೂಪಾಯಿಯ ವಿದೇಶಿ ಕರೆಗಳಿಂದ. ಅಮೆರಿಕದಲ್ಲಿದ್ದ ಮಗನ ಜೊತೆ ಅಪ್ಪ-ಅಮ್ಮ ಕಂಪ್ಯೂಟರಿನಲ್ಲಿ ಕಾನೂನುಬದ್ಧವಾಗಿ ಮಾತಾಡಲು 2002ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತು!

1999ರ ಕಾರ್ಗಿಲ್ ಯುದ್ಧದ ಸಮಯದಲ್ಲಿ ಪಾಕಿಸ್ತಾನದ ‘ಡಾನ್’ ಪತ್ರಿಕೆಯ ತಾಣ ಭಾರತದಲ್ಲಿ ಇದ್ದಕ್ಕಿದ್ದಂತೆ ಕಾಣದಾಯಿತು. ತಡೆದದ್ದು ವಿಎಸ್‌ಎನ್‌ಎಲ್. ಹೊರಹೋಗುವ ಬಾಗಿಲು ಇವರದೇ ಆದ್ದರಿಂದ ಒಂದು ಕಡೆ ಚಿಲಕ ಹಾಕಿದರೆ ಸಾಕಿತ್ತು. ಜಾಣರು ಪ್ರಾಕ್ಸಿ ಮೂಲಕ ಓದಿದರು ಅನ್ನಿ, ಆದರೆ ಆ ದಾರಿ ಎಷ್ಟು ಜನಕ್ಕೆ ಗೊತ್ತಿತ್ತು?

ಅಷ್ಟರಲ್ಲಿ ಕಾಲ ಬದಲಾಗತೊಡಗಿತ್ತು. 1998ರ ನವೆಂಬರಿನಲ್ಲಿ ಸರ್ಕಾರ ಖಾಸಗಿಯವರಿಗೆ ಅವಕಾಶ ಕೊಟ್ಟಿತು. ಅದೇ ತಿಂಗಳು ಸತ್ಯಂ ಇನ್ಫೋವೇ ಸೇವೆ ಶುರುಮಾಡಿತು, ಮರುವರ್ಷ ನಾಸ್ಡಾಕ್ ಷೇರುಪೇಟೆಗೂ ಹೋಯಿತು. ಸ್ಪರ್ಧೆ ಬಂದ ಮೇಲೆ ದರಗಳು ಇಳಿದವು, ಬೀದಿಗೊಂದು ಸೈಬರ್ ಕೆಫೆ ಹುಟ್ಟಿತು. 2002ರ ಫೆಬ್ರವರಿಯಲ್ಲಿ ವಿಎಸ್‌ಎನ್‌ಎಲ್ ಟಾಟಾ ಸಮೂಹದ ಕೈಸೇರಿತು. 2008ರಲ್ಲಿ ಹೆಸರೂ ಹೋಗಿ ಟಾಟಾ ಕಮ್ಯುನಿಕೇಷನ್ಸ್ ಆಯಿತು.

ಸುಮ್ಮನೆ ಬೈಯುವುದು ನನ್ನ ಉದ್ದೇಶವಲ್ಲ. 500 ರೂಪಾಯಿಯ ಆ ಖಾತೆ ಎಷ್ಟೋ ಹುಡುಗರಿಗೆ ಯೂನಿಕ್ಸ್ ಕಲಿಸಿದೆ, ಬೇರೆ ದೇಶದ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆಯುವ ಧೈರ್ಯ ಕೊಟ್ಟಿದೆ. ಆದರೆ ಒಂದೇ ಬಾಗಿಲಿದ್ದ ಕಾಲದಲ್ಲಿ ಯಾರು ಚಿತ್ರ ನೋಡಬೇಕು, ಯಾರು ಅಕ್ಷರಕ್ಕೆ ತೃಪ್ತರಾಗಬೇಕು, ಏನು ಮಾತಾಡಬಹುದು, ಏನು ಓದಬಹುದು ಎಂಬುದನ್ನೆಲ್ಲ ಬಾಗಿಲು ಕಾಯುವವರೇ ತೀರ್ಮಾನಿಸಿದರು ಎನ್ನುವುದನ್ನು ಮರೆಯಬಾರದು.

ಈಗ ಡೇಟಾ ಅಗ್ಗ, ತರಕಾರಿ ಗಾಡಿಯಲ್ಲೂ ಕ್ಯೂಆರ್ ಕೋಡ್. ಆದರೂ ಮೊಬೈಲ್ ಅಂತರ್ಜಾಲದ ಬಹುಪಾಲು ಎರಡು ಕಂಪನಿಗಳ ಕೈಯಲ್ಲಿದೆ. ಐಟಿ ಕಾಯಿದೆಯ 69ಎ ಕಲಮಿನಡಿ ಆದೇಶ ಬಂದರೆ ತಾಣಗಳು ಇಂದಿಗೂ ಮರೆಯಾಗುತ್ತವೆ. ಬಾಗಿಲುಗಳು ಎಷ್ಟಿವೆ, ಕೀಲಿ ಯಾರ ಬಳಿ ಇದೆ ಅಂತ ಆಗಾಗ ಎಣಿಸಿ ನೋಡುವುದು ಒಳ್ಳೆಯದು.