ನಂಬರ್ ಬಂದಿದೆಯಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲವನ್ನು ಕಂಡವರಿಗೆ ಈ ಪ್ರಶ್ನೆ ಮರೆತಿರುವುದಿಲ್ಲ. ಪಾಸಾಯಿತೇ ಎಂದು ಯಾರೂ ಕೇಳುತ್ತಿರಲಿಲ್ಲ. 'ನಂಬರ್ ಬಂದಿದೆಯಾ?' ಎನ್ನುತ್ತಿದ್ದರು. ಪುಟದ ತುಂಬ ಇರುವೆ ಸಾಲಿನಂಥ ಅಂಕಿಗಳು, ಒಂದೇ ಒಂದು ಹೆಸರಿಲ್ಲ. ನಿಮ್ಮ ರಿಜಿಸ್ಟರ್ ನಂಬರ್ ಗೊತ್ತಿಲ್ಲದ ಪಕ್ಕದ ಮನೆಯವರಿಗೆ ನಿಮ್ಮ ಗತಿ ಏನಾಯಿತೆಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಜಾಣರು ನಂಬರನ್ನು ಮೊದಲೇ ಯಾರಿಗೂ ಹೇಳುತ್ತಿರಲಿಲ್ಲ.

ಪರೀಕ್ಷೆಯ ನಂಬರ್ ಇದ್ದದ್ದೇ ವಿದ್ಯಾರ್ಥಿಯನ್ನು ಮರೆಮಾಡಲಿಕ್ಕೆ. ಉತ್ತರ ಪತ್ರಿಕೆಯಲ್ಲಿ ಹೆಸರು ಬರೆಯಬಾರದು ಎಂಬ ನಿಯಮದ ಹಿಂದೆ ಇದ್ದದ್ದು ಸರಳ ಲೆಕ್ಕ: ಮೌಲ್ಯಮಾಪಕರಿಗೆ ಈ ಹುಡುಗಿ ಯಾರ ಮಗಳು, ಯಾವ ಜಾತಿ, ಯಾವ ಊರು ಎಂಬುದು ತಿಳಿಯಕೂಡದು. ಇನ್ನೊಂದು ಗುಣವೂ ಅದಕ್ಕಿತ್ತು. ಪರೀಕ್ಷೆ ಮುಗಿದ ಮೇಲೆ ಆ ನಂಬರಿನಿಂದ ಯಾರೂ ನಿಮ್ಮ ಬ್ಯಾಂಕ್ ಖಾತೆಯ ತನಕ ನಡೆದು ಬರಲಾರರು. ಮುಂದಿನ ಪರೀಕ್ಷೆಗೆ ಬೇರೆ ನಂಬರ್.

2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ಇನ್ನೊಂದು ಜಾತಿಯ ನಂಬರ್ ಹುಟ್ಟಿತು. ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷರು ನಮ್ಮ ನಂದನ್ ನಿಲೇಕಣಿ. ಹನ್ನೆರಡು ಅಂಕಿ, ಒಬ್ಬರಿಗೆ ಒಂದೇ, ಜೀವಮಾನವಿಡೀ ಅದೇ. ಅದು ಪಾಸ್‌ವರ್ಡ್ ಅಲ್ಲ ಎನ್ನುವುದು ನಿಜ. ನಂಬರ್ ಗೊತ್ತಾದ ಮಾತ್ರಕ್ಕೆ ಯಾರೂ ಹಣ ತೆಗೆಯಲಾರರು. ಆದರೆ ಅದು ಕೊಂಡಿ. ಸಿಮ್, ರೇಷನ್, ಬ್ಯಾಂಕು, ವಿದ್ಯಾರ್ಥಿವೇತನ ಎಲ್ಲವನ್ನೂ ಪೋಣಿಸುವ ದಾರ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಹದಿನೇಳರ ಹುಡುಗನ ಆಧಾರ್ ಸೋರಿದರೆ ಅದು ಅವನ ಎಪ್ಪತ್ತರಲ್ಲೂ ಸೋರಿದ್ದೇ.

ಪರೀಕ್ಷಾ ಮಂಡಳಿಗಳಿಗೆ ಇದು ಬೇಕೆನಿಸಿದ್ದಕ್ಕೆ ಕಾರಣವಿಲ್ಲದೆ ಇರಲಿಲ್ಲ. 2013ರಲ್ಲಿ ಬಯಲಾದ ಮಧ್ಯಪ್ರದೇಶದ ವ್ಯಾಪಂ ಹಗರಣದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಇನ್ನೊಬ್ಬರ ಬದಲು ಕೂತು ಬರೆದವರ ದಂಡೇ ಇತ್ತು. ಉತ್ತರ ಭಾರತದಲ್ಲಿ ಇಂಥವರಿಗೆ 'ಮುನ್ನಾಭಾಯಿ' ಎಂದೇ ಹೆಸರು. ಸಿನಿಮಾ ನೋಡಿ ನಕ್ಕಿದ್ದೇವೆ. ಸೀಟು ತಪ್ಪಿಸಿಕೊಂಡ ಮಕ್ಕಳಿಗೆ ನಗು ಬಂದಿರಲಾರದು. 2017ರ ಜೆಇಇ ಮೇನ್ ಅರ್ಜಿಗೆ ಸಿಬಿಎಸ್‌ಇ ಆಧಾರ್ ಕಡ್ಡಾಯ ಮಾಡಿತು. ನೀಟ್ ಕೂಡ ಅದೇ ದಾರಿ ಹಿಡಿಯಿತು. ಜಮ್ಮು ಕಾಶ್ಮೀರ, ಅಸ್ಸಾಂ, ಮೇಘಾಲಯದವರಿಗೆ ಮಾತ್ರ ವಿನಾಯಿತಿ.

ಅದೇ 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಒಂದು ವರದಿ ಹೊರತಂದಿತು. ನಾಲ್ಕು ಸರ್ಕಾರಿ ಯೋಜನೆಗಳ ಜಾಲತಾಣಗಳಿಂದ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಬಯಲಿಗೆ ಬಿದ್ದಿರಬಹುದು ಎಂಬುದು ಅದರ ಅಂದಾಜು. ಯಾರೂ ಬೀಗ ಒಡೆದಿರಲಿಲ್ಲ. ಇಲಾಖೆಗಳೇ ಫಲಾನುಭವಿಗಳ ಪಟ್ಟಿಯೊಂದಿಗೆ ಸಂಖ್ಯೆಗಳನ್ನೂ ಪ್ರಕಟಿಸಿದ್ದವು. 2016ರ ಆಧಾರ್ ಕಾಯ್ದೆಯ 29ನೇ ಕಲಮು ಹಾಗೆ ಬಹಿರಂಗವಾಗಿ ಪ್ರದರ್ಶಿಸಬಾರದು ಎನ್ನುತ್ತದೆ. ಕಲಮು ಕಾಯ್ದೆಯಲ್ಲಿತ್ತು, ಪಟ್ಟಿ ಜಾಲತಾಣದಲ್ಲಿತ್ತು.

2018ರ ನೀಟ್ ಅರ್ಜಿಗೆ ಮಾರ್ಚ್ 9 ಕೊನೆಯ ದಿನ. ಆಧಾರ್ ಕಡ್ಡಾಯವನ್ನು ಪ್ರಶ್ನಿಸಿದ ಅರ್ಜಿಯನ್ನು ಗುಜರಾತ್ ಹೈಕೋರ್ಟ್ ಒಪ್ಪದೆ, ವಿಷಯ ಸುಪ್ರೀಂ ಕೋರ್ಟಿಗೆ ಬಂದಿತ್ತು. ಮಾರ್ಚ್ 7ರಂದು, ಎರಡೇ ದಿನ ಬಾಕಿ ಇರುವಾಗ, ನ್ಯಾಯಾಲಯ ತಡೆ ಕೊಟ್ಟಿತು. ಆಧಾರ್ ಕಡ್ಡಾಯ ಮಾಡಲು ತಾನು ಸಿಬಿಎಸ್‌ಇಗೆ ಹೇಳೇ ಇಲ್ಲ ಎಂದು ಆಧಾರ್ ಪ್ರಾಧಿಕಾರವೇ ತಿಳಿಸಿತ್ತು! ವಿನಾಯಿತಿ ಪಡೆದ ರಾಜ್ಯಗಳಲ್ಲಿ ಪಾಸ್‌ಪೋರ್ಟು, ಮತದಾರರ ಚೀಟಿ, ರೇಷನ್ ಕಾರ್ಡು ನಡೆಯುತ್ತಿದ್ದವು. ಅವನ್ನೇ ಎಲ್ಲರಿಗೂ ಅನ್ವಯಿಸಿ ಎಂದಿತು ಕೋರ್ಟು. ಶಿಲ್ಲಾಂಗಿನಲ್ಲಿ ಸಾಕಾಗುವ ರೇಷನ್ ಕಾರ್ಡು ಶಿವಮೊಗ್ಗದಲ್ಲಿ ಏಕೆ ಸಾಲದು ಎಂಬುದಕ್ಕೆ ಯಾರ ಬಳಿಯೂ ಉತ್ತರವಿದ್ದಂತಿಲ್ಲ.

ಮುಖ್ಯ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಅವರ ಹೆಸರಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರನ್ನು ಬಹುಮತದಿಂದ ಉಳಿಸಿತು, ಆದರೆ ಬೇಲಿ ಹಾಕಿತು. ಕಾಯ್ದೆಯ 7ನೇ ಕಲಮು ಸರ್ಕಾರದ ಸಂಚಿತ ನಿಧಿಯಿಂದ ಕೊಡುವ ಸಹಾಯಧನ, ಸೌಲಭ್ಯ, ಸೇವೆಗಳಿಗೆ ಸಂಬಂಧಿಸಿದ್ದು. ನೀಟ್, ಜೆಇಇ, ಯುಜಿಸಿ ಪರೀಕ್ಷೆಗಳು ಅದರೊಳಗೆ ಬರುವುದಿಲ್ಲ, ಬೇರೆ ಕಾನೂನಿನ ಬೆಂಬಲವೂ ಇಲ್ಲ. ಆದ್ದರಿಂದ ಕಡ್ಡಾಯ ಸಲ್ಲದು. ಮಕ್ಕಳ ನೋಂದಣಿಗೆ ಪೋಷಕರ ಒಪ್ಪಿಗೆ ಬೇಕು, 18 ತುಂಬಿದ ಮೇಲೆ ಅವರು ಹೊರಬರಲು ಅವಕಾಶವಿರಬೇಕು ಎಂದೂ ಹೇಳಿತು. ನನ್ನ ಮಟ್ಟಿಗೆ ಆ ಭಾರೀ ತೀರ್ಪಿನಲ್ಲಿ ಮನೆಮನೆಗೆ ಮುಟ್ಟುವ ಭಾಗ ಇದೇ. ಪ್ರವೇಶ ಪರೀಕ್ಷೆ ಸರ್ಕಾರದ ದಾನವಲ್ಲ.

ಹೊರನಾಡಿನ ನಮಗೆ ಇನ್ನೊಂದು ತಾಪತ್ರಯ ಉಂಟು: ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ ಎರಡು ಇನಿಷಿಯಲ್, ಆಧಾರಿನಲ್ಲಿ ಕೊನೆಗೆ ಅಪ್ಪನ ಪೂರ್ತಿ ಹೆಸರು. ಇಲ್ಲಿ ಪುಣೆಯಲ್ಲಿ 'ಸರ್‌ನೇಮ್ ಏನು?' ಎಂದು ಕೇಳುವ ಕಂಪ್ಯೂಟರಿಗೆ ಊರಿನ ಹೆಸರು ಕೊಟ್ಟವರು ನಾವು. ಹೊಂದಾಣಿಕೆಯಾಗದಿದ್ದರೆ ತಿದ್ದಿಸಲು ಓಡಾಟ. ಮಗಳ ಅರ್ಜಿ ತುಂಬಲು ನಾನು ಹೋದ ಸೈಬರ್ ಕೆಫೆಯ ಪರದೆಯ ಮೇಲೆ ಬೇರೆ ಮಕ್ಕಳ ಆಧಾರ್ ಪ್ರತಿಗಳು ಅವರವರ ಹೆಸರಿನೊಂದಿಗೆ ಸಾಲಾಗಿ ಕೂತಿದ್ದವು. ಅಂಗಡಿಯ ಹುಡುಗ ಕೆಟ್ಟವನಲ್ಲ. ಅಳಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಇದೆ ಎಂದರೆ, 'ಅದು ನಡೆಯುತ್ತಾ ಸರ್?' ಎಂದು ನನ್ನನ್ನೇ ಕೇಳಿದ.

ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ನೀಟ್ ಹಗರಣ ದೇಶವನ್ನೇ ಅಲುಗಿಸಿತ್ತು, ಗುರುತಿನ ತಪಾಸಣೆ ಬಿಗಿಯಾಗಲಿ ಎಂಬ ಕೂಗು ಮತ್ತೆ ಎದ್ದಿತ್ತು. 2025ರ ಜನವರಿಯಲ್ಲಿ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ನೀಟ್ ಅಭ್ಯರ್ಥಿಗಳು ಆಧಾರ್ ವಿವರ ಸರಿಪಡಿಸಿಕೊಂಡು ಅದನ್ನು 'ಅಪಾರ್' ಎಂಬ ಹೊಸ ವಿದ್ಯಾರ್ಥಿ ಸಂಖ್ಯೆಗೆ ಜೋಡಿಸಬೇಕೆಂಬ ಧಾಟಿಯ ಸೂಚನೆ ಹೊರಡಿಸಿತು. ಅಪಾರ್ ಕೂಡ ಹನ್ನೆರಡು ಅಂಕಿಯದ್ದೇ, ಅದೂ ಜೀವಮಾನಕ್ಕೆ. ಗೊಂದಲವೆದ್ದ ಕೆಲವೇ ದಿನಗಳಲ್ಲಿ ಅಪಾರ್ ಕಡ್ಡಾಯವಲ್ಲ, ಬೇರೆ ದಾರಿಯಲ್ಲೂ ಅರ್ಜಿ ಹಾಕಬಹುದು ಎಂಬ ಸ್ಪಷ್ಟನೆ ಬಂತು.